ಕಚೇರಿಯ ಕ್ರೀಡೆಯೂ ವಾತ್ಸಲ್ಯವೂ

ಆಲಮೇಲ, ಸಿಂದಗಿ, ಇಂಡಿಗಳಿಂದ ಬೆಂಗಳೂರು, ಪುಣೆಗಳ ಕಚೇರಿ ಸೇರಿದ ನಮ್ಮ ತರುಣರಿಗೆ ‘ಟೀಮ್ ಬಿಲ್ಡಿಂಗ್’ ಎಂಬ ಇಕ್ಕಟ್ಟೊಂದು ಎದುರಾಗುತ್ತಿದೆ. ರೆಸಾರ್ಟಿನಲ್ಲಿ ಹಗ್ಗಜಗ್ಗಾಟ, ಎಲ್ಲರೆದುರು ಕುಣಿತ, ಸೂರ್ಯಾಸ್ತದ ಬಹುಹೊತ್ತಿನ ಮೇಲೆ ಮದ್ಯಮಾಂಸಗಳ ಊಟ. ರಾತ್ರಿಭೋಜನ ತ್ಯಜಿಸಿದವನು ಬರಿದಾದ ತಟ್ಟೆಯ ಮುಂದೆ ನಗೆಗೀಡಾಗಿ ಕೂರಬೇಕು.

‘ಇದು ಬರಿಯ ಆಟ, ಯಾರಿಗೆ ನೋವು?’ ಎಂಬುದು ಸಂಘಟಕರ ಸಮಾಧಾನ. ಪಂಪನ ಆದಿಪುರಾಣವನ್ನು (ಕ್ರಿ.ಶ. 941) ಓದಿದವರು ಇದನ್ನು ಒಪ್ಪಲಾರರು. ಸೈನ್ಯಗಳ ರಕ್ತಪಾತ ತಪ್ಪಲೆಂದು ಮಂತ್ರಿಗಳು ಭರತ-ಬಾಹುಬಲಿಯರಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಉದ್ದೇಶವೇನೋ ಉತ್ತಮವೇ. ಆದರೆ ಎಲ್ಲರ ಕಣ್ಣೆದುರು ಮೂರರಲ್ಲಿಯೂ ಸೋತ ಭರತನ ಮಾನಕಷಾಯ ಕೆರಳಿತು; ಒಡಹುಟ್ಟಿದವನ ಮೇಲೆಯೇ ಚಕ್ರರತ್ನವನ್ನು ಪ್ರಯೋಗಿಸಿದನು. ಆ ಸೋದರರಾದರೂ ಪಂದ್ಯಕ್ಕೆ ಒಪ್ಪಿದ್ದರು. ಬಡ್ತಿ ತಪ್ಪೀತೆಂದು ಅಂಜಿ ಬರುವ ನೌಕರನ ಒಪ್ಪಿಗೆ ಎಂಥದು?

ವಾತ್ಸಲ್ಯವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಅದು ಕಪಟರಹಿತವೂ ಯಥಾಯೋಗ್ಯವೂ ಆಗಿರಬೇಕೆಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಹಾಕಿದ ನಿಬಂಧನೆ. ಸಹಧರ್ಮಿಗಳನ್ನು ಕುರಿತ ಮಾತಾದರೂ ಸಹೋದ್ಯೋಗಿಗಳಿಗೂ ಸಲ್ಲದಿರದು. ಸುತ್ತೋಲೆ ಹೊರಡಿಸಿ ತರಿಸಿದ ನಗೆಯಲ್ಲಿ ಈ ಎರಡು ಗುಣಗಳೂ ಇಲ್ಲ.

ಫ್ರಾನ್ಸಿನಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಕುಡಿತ ಮಿತಿಮೀರುವ ಕೂಟಗಳಲ್ಲಿ ಬೆರೆಯಲೊಪ್ಪದ ನೌಕರನನ್ನು ಆ ಕಾರಣಕ್ಕಾಗಿ ವಜಾ ಮಾಡಲಾಗದೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯ 2022ರ ನವೆಂಬರಿನಲ್ಲಿ ತೀರ್ಪಿತ್ತಿತು.