ಟ್ಯೂನಾ ಡಬ್ಬಿ ಕೊಳ್ಳುವವರಿಗೆ ನಾಲ್ಕು ಮಾತು

ಟ್ಯೂನಾ ಡಬ್ಬಿಯ ಮುಚ್ಚಳ ಕಿತ್ತು, ಅದೇ ಮುಚ್ಚಳವನ್ನು ಮೀನಿನ ಮೇಲೊತ್ತಿ, ಎಣ್ಣೆಯನ್ನೆಲ್ಲ ಸಿಂಕಿಗೆ ಹಿಂಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿಂಡಿ ಉಳಿದದ್ದಕ್ಕೆ ಮೇಯನೇಸ್ ಸುರಿದು, ಈರುಳ್ಳಿ ಕಲಸಿ, ಬ್ರೆಡ್ಡಿಗೆ ಮೆತ್ತಿ ತಿಂದು, "ಟ್ಯೂನಾ ಅಂದ್ರೆ ಇಷ್ಟೇ ಅಲ್ವಾ" ಅನ್ನುತ್ತಾರೆ. ಇನ್ನೊಂದು ಪಂಗಡ ಜಿಮ್ಮಿನದು. ನನ್ನ ಅಕ್ಕನ ಮಗ ಡಬ್ಬಿ ಕೈಗೆತ್ತಿಕೊಂಡರೆ ಮೊದಲು ಓದುವುದು ಪ್ರೋಟೀನಿನ ಅಂಕಿ. "ಮಾಮಾ, ನೀರಲ್ಲಿ ಹಾಕಿದ್ದೇ ಒಳ್ಳೇದು, ಕೊಬ್ಬಿಲ್ಲ" ಎಂದು ನನಗೇ ಪಾಠ ಹೇಳುತ್ತಾನೆ. ಮೀನು ತನ್ನ ಸಾರವನ್ನೆಲ್ಲ ಆ ನೀರಿಗೆ ಬಿಟ್ಟುಕೊಟ್ಟಿರುತ್ತದೆ. ಇವನು ಆ ನೀರನ್ನೂ ಚೆಲ್ಲುತ್ತಾನೆ. ಇಂಥವರಿಗಾಗಿಯೇ ಈ ಬರಹ.

ಮೀನಿನ ಜಾತಿ ಯಾವುದು ಎಂಬ ಚರ್ಚೆಯನ್ನು ಬೇಗ ಮುಗಿಸೋಣ. ಅಗ್ಗದ ಡಬ್ಬಿಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಕಿಪ್‌ಜಾಕ್. ಯೆಲ್ಲೋಫಿನ್ ಅದಕ್ಕಿಂತ ದೊಡ್ಡದು. ಅಲ್ಬಕೋರ್ ಬೆಳ್ಳಗಿರುತ್ತದೆ, ಅಮೆರಿಕದಲ್ಲಿ ಡಬ್ಬಿಯ ಮೇಲೆ 'ವೈಟ್' ಎಂದು ಅಚ್ಚು ಹಾಕಲು ಅದಕ್ಕೆ ಮಾತ್ರ ಅನುಮತಿ. ಬಿಳಿ ಎಂದ ಮಾತ್ರಕ್ಕೆ ರುಚಿ ಎಂದು ನಂಬಬೇಡಿ. ಒಣಕಲು ಅಲ್ಬಕೋರ್‌ಗಿಂತ ಒಳ್ಳೆಯ ಸ್ಕಿಪ್‌ಜಾಕ್ ಎಷ್ಟೋ ಮೇಲು.

ನಿಜವಾಗಿ ನೋಡಬೇಕಾದದ್ದು ಪದರ. ಟ್ಯೂನಾ ಎರಡು ಸಲ ಬೇಯುತ್ತದೆ. ಮೊದಲು ಇಡೀ ಮೀನನ್ನು ಆವಿಯಲ್ಲೋ ಉಪ್ಪುನೀರಿನಲ್ಲೋ ಬೇಯಿಸಿ, ಆರಿಸಿ, ಚರ್ಮ, ಮುಳ್ಳು, ಕಪ್ಪು ಮಾಂಸ ಬಿಡಿಸುತ್ತಾರೆ. ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಒತ್ತಡದಲ್ಲಿ, ಸುಮಾರು 115ರಿಂದ 120 ಡಿಗ್ರಿಯಲ್ಲಿ ಮತ್ತೊಮ್ಮೆ. ಎರಡು ಬೇಯಿಸುವಿಕೆಯ ನಡುವೆ ಕೈ ಹೇಗೆ ಆಡಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೆನ್ನಿನ ಮಾಂಸವನ್ನು ಡಬ್ಬಿಯ ಎತ್ತರಕ್ಕೆ ಸರಿಯಾಗಿ ಅಡ್ಡಕ್ಕೆ ಕೊಯ್ದು ಇಟ್ಟಿದ್ದರೆ, ಮುಚ್ಚಳ ತೆಗೆದಾಗ ಮರದ ದಿಮ್ಮಿಯ ಉಂಗುರಗಳಂತೆ ಪದರಗಳು ಕಾಣುತ್ತವೆ. ಫೋರ್ಕಿನ ತುದಿ ತಾಗಿಸಿದರೆ ಪದರ ಪದರವಾಗಿ ಬಿಡಬೇಕು, ಪುಡಿಯಾಗಬಾರದು. ಪದರಗಳ ನಡುವೆ ಎಣ್ಣೆ ಇಳಿದು ತೇವ ಉಳಿದಿರುತ್ತದೆ. ಪುಡಿಯಲ್ಲಿ ಆ ಸಂದುಗಳೇ ಇಲ್ಲ, ಅದಕ್ಕೇ ಅದು ಬಾಯಲ್ಲಿ ಮರದ ಹೊಟ್ಟು. ಮೇಯನೇಸ್ ಬೇಕಾಗುವುದು ಆ ಹೊಟ್ಟನ್ನು ಗಂಟಲಿನಿಂದ ಇಳಿಸಲಿಕ್ಕೆ.

ಇದು ನನ್ನೊಬ್ಬನ ಹುಚ್ಚಲ್ಲ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಕೂಡ ಇದನ್ನು ಅಳೆದಿದೆ: 'ಸಾಲಿಡ್' ಎಂದು ಬರೆದ ಡಬ್ಬಿಯಲ್ಲಿ ಬಿಡಿಪುಡಿ ಶೇಕಡಾ 18ನ್ನು ಮೀರುವಂತಿಲ್ಲ. 'ಚಂಕ್' ಎಂದರೆ ಹೆಚ್ಚಿನ ತುಂಡುಗಳು 1.2 ಸೆಂಟಿಮೀಟರಿಗಿಂತ ಚಿಕ್ಕವಿರಬಾರದು, ಚಿಕ್ಕವು ಶೇಕಡಾ 30ರವರೆಗೆ ಇರಬಹುದು. 'ಫ್ಲೇಕ್ಸ್' ಎಂದಿದ್ದರೆ ಮುಂದಿನ ಕಪಾಟಿಗೆ ನಡೆಯಿರಿ.

ಬಂಗುಡೆ, ಅಂಜಲ್ ತಿಂದು ಬೆಳೆದ ನಾಲಿಗೆ ನನ್ನದು. ಡಬ್ಬಿ ಮೀನು ಎಂದರೆ ದುಬೈಯಲ್ಲಿ ಒಂಟಿಯಾಗಿದ್ದಾಗಿನ ಬಡತನದ ಊಟ ಎಂದೇ ತಿಳಿದಿದ್ದೆ. ಆಮೇಲೆ ಕೆಲಸದ ಮೇಲೆ ಸ್ಪೇನಿನ ಬಿಲ್ಬಾವೊಗೆ ಹೋದವನು ಒಂದು ಭಾನುವಾರ ಬೆರ್ಮೆಯೊ ಬಂದರಿನ ಸಣ್ಣ ಬಾರಿನಲ್ಲಿ ಕುಳಿತಿದ್ದೆ. ಬಾರಿನವನು ನನ್ನೆದುರೇ ಡಬ್ಬಿ ತೆರೆದು, ತಟ್ಟೆಗೆ ಬೋರಲು ಹಾಕಿ, ಅದರದೇ ಎಣ್ಣೆ ಬಿಟ್ಟು, ಪಕ್ಕದಲ್ಲಿ ಹುಳಿಯಲ್ಲಿ ನೆನೆಸಿದ ಹಸಿಮೆಣಸು ಇಟ್ಟ. ಇದಕ್ಕೆ ಇಷ್ಟು ದುಡ್ಡೇ ಎಂದು ಒಳಗೊಳಗೇ ಬೈದುಕೊಂಡೆ. ಅದು ಬೊನಿತೊ ದೆಲ್ ನೊರ್ತೆ, ಅಂದರೆ ಬೇಸಿಗೆಯಲ್ಲಿ ಬಿಸ್ಕೇ ಕೊಲ್ಲಿಗೆ ಬರುವ ಅಲ್ಬಕೋರ್, ಗಾಳದಲ್ಲಿ ಒಂದೊಂದಾಗಿ ಹಿಡಿದದ್ದು. ಮೊದಲ ತುತ್ತಿಗೇ ಬೈಗುಳ ನಿಂತಿತು. ಮರುದಿನ ಅದೇ ಮೀನಿನ ಹೊಟ್ಟೆಯ ಭಾಗ, ವೆಂತ್ರೆಸ್ಕಾ, ತಿಂದೆ: ಬೀಸಣಿಗೆಯ ಮಡಿಕೆಗಳ ಹಾಗೆ ತೆಳುಪದರ, ನಡುನಡುವೆ ಕೊಬ್ಬು. ದುಬಾರಿ. ಹಬ್ಬಕ್ಕೊಂದು ಸಾಕು.

  

ಚೀಟಿ ಓದುವಾಗ ನಿವ್ವಳ ತೂಕ ಬಿಟ್ಟು ಬಸಿದ ತೂಕ ನೋಡಿ. ನಿಮ್ಮ ಹೊಟ್ಟೆಗೆ ಹೋಗುವ ಮೀನು ಅಷ್ಟೇ. 'ತರಕಾರಿ ಸಾರು' ಎಂದು ಬರೆದಿದ್ದರೆ ಅನುಮಾನಪಡಿ. ಎಣ್ಣೆ ಆಲಿವ್‌ನದಾಗಿರಲಿ. ಅಲ್ಬಕೋರ್‌ನಲ್ಲಿ ಪಾದರಸ ಸ್ಕಿಪ್‌ಜಾಕ್‌ಗಿಂತ ಸುಮಾರು ಮೂರು ಪಟ್ಟು, ಹಾಗಾಗಿ ಬಸುರಿಯರಿಗೂ ಮಕ್ಕಳಿಗೂ ಸ್ಕಿಪ್‌ಜಾಕೇ ಸರಿ.

ಸ್ಪೇನಿನವರೆಗೆ ಹೋಗಬೇಕಾಗಿಯೂ ಇಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆದರೂ ಅಲ್ಲಿಯ ಟ್ಯೂನಾ ಬಗ್ಗೆ ಮಂಗಳೂರಿನವರಿಗೆ ಅಸಡ್ಡೆ. ಇನ್ನೂ ದಕ್ಷಿಣದ ಮಿನಿಕಾಯ್‌ನಲ್ಲಿ ಡಬ್ಬಿ ಕಾರ್ಖಾನೆಯೇ ಇದೆ. ಅಲ್ಲಿನವರು ಜೀವಂತ ಸಣ್ಣಮೀನು ಎರಚಿ ಸ್ಕಿಪ್‌ಜಾಕ್ ಗುಂಪನ್ನು ದೋಣಿಯ ಬಳಿಗೆ ಸೆಳೆದು, ಕೋಲಿನ ಗಾಳದಿಂದ ಒಂದೊಂದನ್ನೇ ಎತ್ತಿ ಹಾಕುತ್ತಾರೆ. ಆ ಡಬ್ಬಿ ಕೈಗೆ ಸಿಕ್ಕರೆ ಬಿಡಬೇಡಿ. ಬಿಸಿ ಕುಚ್ಚಲಕ್ಕಿ ಗಂಜಿಯ ಮೇಲೆ ತುಂಡುಗಳನ್ನು ಮುರಿಯದೆ ಇಡಿ, ಡಬ್ಬಿಯ ಎಣ್ಣೆಯನ್ನೂ ಸುರಿಯಿರಿ, ಒಂದು ಗಾಂಧಾರಿ ಮೆಣಸು ನುರಿಯಿರಿ. ಉಪ್ಪು ಹಾಕುವ ಮುಂಚೆ ರುಚಿ ನೋಡಿ, ಡಬ್ಬಿಯಲ್ಲೇ ಸಾಕಷ್ಟಿರುತ್ತದೆ.