ಚೀಟಿ ಉಳಿಯಿತು, ಅಕ್ಷರ ಹೋಯಿತು

ಕಳೆದ ಮೇ ತಿಂಗಳಲ್ಲಿ ಸಿಂಧನೂರಿನ ಗೆಳೆಯರೊಬ್ಬರ ಗೋದಾಮಿನಲ್ಲಿ ಅಕ್ಕಿಯ ಒಂದು ಲಾಟು ಹುಡುಕುತ್ತಿದ್ದೆವು. ತಗಡಿನ ಚಾವಣಿ, ನಿಂತಲ್ಲೇ ನೆತ್ತಿ ಸುಡುವ ಝಳ. ಚೀಲಗಳ ಮೇಲೆ ಅಂಟಿಸಿದ ಚೀಟಿಗಳು ನೆಟ್ಟಗೇ ಇದ್ದವು. ಅಂಟು ಬಿಟ್ಟಿರಲಿಲ್ಲ, ಮೂಲೆ ಹರಿದಿರಲಿಲ್ಲ. ಅವುಗಳ ಮೇಲಿರಬೇಕಾಗಿದ್ದ ಲಾಟ್ ನಂಬರು, ತಾರೀಕು, ಬಾರ್‌ಕೋಡು ಮಾತ್ರ ಇರಲಿಲ್ಲ. ಬಿಸಿಲು ಬೀಳುವ ಬಾಗಿಲ ಕಡೆಯ ಸಾಲಿನಲ್ಲಿ ಹಾಳೆ ಹಳದಿಗಟ್ಟಿ ಅಕ್ಷರ ಮಾಸಿದ್ದವು. ತಗಡಿಗೆ ಹತ್ತಿರದ ಮೇಲಿನ ಸಾಲಿನಲ್ಲಿ ಇಡೀ ಚೀಟಿಯೇ ಬೂದಿ ಬಣ್ಣಕ್ಕೆ ತಿರುಗಿ, ಕಪ್ಪು ಗೆರೆಗಳು ಅದರೊಳಗೆ ಮುಳುಗಿದ್ದವು. ಹಿರಿಯ ಹಮಾಲರೊಬ್ಬರು ನಮ್ಮ ಪರದಾಟ ನೋಡಿ ನಕ್ಕರು. "ಆ ಸ್ಟಿಕರ್ ನಂಬಬ್ಯಾಡ್ರಿ ಸರ್, ನಾ ಬರ್ದದ್ದು ನೋಡ್ರಿ" ಎಂದು ಚೀಲದ ಕೆಳಮೂಲೆಗೆ ಬೆರಳಿಟ್ಟರು. ಅಲ್ಲಿ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ನಾಲ್ಕು ಅಂಕಿ.

ಅಲ್ಲಿಂದ ಈ ಚೀಟಿಯ ಬಗ್ಗೆ ನನಗೆ ಕುತೂಹಲ ಹತ್ತಿತು. ಇದನ್ನು ಮಾರುವವರು ಡೈರೆಕ್ಟ್ ಥರ್ಮಲ್ ಲೇಬಲ್ ಎನ್ನುತ್ತಾರೆ, ಅಂಗಡಿಯವರ ಬಾಯಲ್ಲಿ ಅದು ಡಿಟಿ ರೋಲ್. ಮಸ್ಕಿ ತಾಲೂಕಿನ ಸಂತೆಕಲ್ಲೂರಿಗೆ ಬರುವ ಆನ್‌ಲೈನ್ ಪಾರ್ಸಲ್‌ಗಳ ಮೇಲೆ ಇರುವುದು ಇದೇ. ಲಿಂಗಸುಗೂರಿನ ಔಷಧಿ ಗೋದಾಮಿನಿಂದ ಮಸ್ಕಿಯ ಬಟ್ಟೆ ಅಂಗಡಿಯವರೆಗೆ ಎಲ್ಲೆಡೆ ಇದೇ ರೋಲು ತಿರುಗುತ್ತಿದೆ. ಇಷ್ಟು ಬಳಕೆಯಲ್ಲಿರುವ ವಸ್ತುವನ್ನು ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ, ಕೊಳ್ಳುವಾಗ ರೇಟು ಕೇಳುವುದು ಬಿಟ್ಟರೆ.

ಇದರ ಒಳಗುಟ್ಟು ಬಸ್ಸಿನ ಟಿಕೆಟ್ಟಿನಿಂದಲೇ ತಿಳಿಯುತ್ತದೆ. ಕಂಡಕ್ಟರ್ ಮಷೀನಿನಿಂದ ಹರಿದುಕೊಡುವ ಟಿಕೆಟ್ಟಿನಲ್ಲಿ ಶಾಯಿಯೇ ಇಲ್ಲ. ಹಾಳೆಯ ಮೇಲೆ ಬಣ್ಣವಿಲ್ಲದ ಒಂದು ರಂಗುಪುಡಿ, ಅದರ ಪಕ್ಕ ಆಮ್ಲಗುಣದ ಇನ್ನೊಂದು ಪುಡಿ ಸವರಿರುತ್ತಾರೆ. ಪ್ರಿಂಟರಿನ ಹೆಡ್ಡು ಚುಕ್ಕಿ ಚುಕ್ಕಿಯಾಗಿ ಕಾಯಿಸಿದಲ್ಲಿ ಎರಡೂ ಕರಗಿ ಕೂಡುತ್ತವೆ, ಅಲ್ಲಿ ಕಪ್ಪು ಹುಟ್ಟುತ್ತದೆ. ಉಗುರಿನಿಂದ ಜೋರಾಗಿ ಗೀರಿದರೂ ಆ ತಿಕ್ಕಾಟದ ಕಾವಿಗೆ ಕಪ್ಪು ಗೆರೆ ಮೂಡುತ್ತದೆ. ಚೀಟಿ ಯಾವ ಜಾತಿಯದು ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಅಂದರೆ ಈ ಹಾಳೆ ಮುದ್ರಣದ ಮೊದಲೂ ಮುದ್ರಣದ ನಂತರವೂ ಬೇಯಲು ತಯಾರಾಗಿಯೇ ಕೂತಿರುತ್ತದೆ. ಸಾಮಾನ್ಯವಾಗಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಣ್ಣ ಏಳಲು ಶುರು. ಅಷ್ಟಕ್ಕೆ ಮುಟ್ಟದ ಕಾವೂ ತೇವವೂ ವಾರಗಟ್ಟಲೆ ಕೂಡಿದರೆ ಹಾಳೆ ನಿಧಾನಕ್ಕೆ ಬೂದಿಯಾಗುತ್ತದೆ. ಬಿಸಿಲಿನ ಬೆಳಕು ಇದಕ್ಕೆ ಉಲ್ಟಾ, ಕಪ್ಪನ್ನೇ ತಿನ್ನುತ್ತದೆ. ಎಣ್ಣೆ, ಜಿಡ್ಡು, ಮೆತ್ತನೆ ಪ್ಲಾಸ್ಟಿಕ್ಕಿನಿಂದ ಒಸರುವ ದ್ರವ ಇವೂ ಹಾಗೆಯೇ. ಗೋದಾಮಿನ ಎರಡು ಸಾಲು ಎರಡು ಬಗೆಯಾಗಿ ಕೆಟ್ಟದ್ದರ ಕಾರಣ ಆಗ ಹೊಳೆಯಿತು.

ಹಾಗೆಂದು ಈ ಚೀಟಿಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ಪಾರ್ಸಲ್ ಕೆಲಸಕ್ಕೆ ಇದರಷ್ಟು ಹೊಂದುವ ಸಾಮಾನು ಬೇರೆ ಕಾಣೆ. ಬೆಂಗಳೂರಿನಲ್ಲಿ ಅಂಟಿದ ಚೀಟಿ ನಾಲ್ಕಾರು ದಿನಕ್ಕೆ ಸಂತೆಕಲ್ಲೂರಿನ ಮನೆ ಬಾಗಿಲಲ್ಲಿ ಹರಿದು ತಿಪ್ಪೆಗೆ ಹೋಗುವಂಥದ್ದು. ಅಷ್ಟು ದಿನ ಮಾತಾಡಿದರೆ ಅದರ ಕೆಲಸ ಮುಗಿಯಿತು. ರಿಬ್ಬನ್ ಬೇಡ, ಶಾಯಿ ಬೇಡ, ರಿಬ್ಬನ್ ಸುಕ್ಕುಗಟ್ಟಿ ಅರ್ಧಕ್ಕೆ ನಿಲ್ಲುವ ತಾಪತ್ರಯ ಬೇಡ. ಕೊರಿಯರ್ ಲೋಕದಲ್ಲಿ ರೂಢಿಯಾಗಿರುವ 4 ಇಂಚು ಅಗಲ 6 ಇಂಚು ಉದ್ದದ ಚೀಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬರುತ್ತದೆ. ಹೊಸಬ ಹುಡುಗನೂ ಹತ್ತು ನಿಮಿಷದಲ್ಲಿ ರೋಲು ಹಾಕಲು ಕಲಿಯುತ್ತಾನೆ.

ತೊಡಕು ಇರುವುದು ಓಡುವ ಸರಕಿನ ಚೀಟಿಯನ್ನು ಕೂತ ಸರಕಿಗೆ ಹಚ್ಚುವಲ್ಲಿ. ನಮ್ಮ ಸೀಮೆಯ ಗೋದಾಮಿನ ಸರಕು ಬಹುಪಾಲು ಕೂತ ಸರಕು. ತುಂಗಭದ್ರಾ ಎಡದಂಡೆ ಕಾಲುವೆಯ ಸೋನಾ ಮಸೂರಿ ಹಳೆಯದಾದಷ್ಟೂ ಬೆಲೆ, ಹಾಗಾಗಿ ಅಕ್ಕಿಯನ್ನು ತಿಂಗಳುಗಟ್ಟಲೆ ಇಡುತ್ತಾರೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ, ತಗಡಿನ ಕೆಳಗಿನ ಮಾತು ಬೇರೆ. ಅದರ ಮೇಲೆ ತವುಡಿನ ಧೂಳು, ಧೂಳಿನಲ್ಲಿ ಎಣ್ಣೆಯಂಶ. ನೆಯ್ದ ಪ್ಲಾಸ್ಟಿಕ್ ಚೀಲದ ಏರುತಗ್ಗಿನ ಮೈಗೆ ಅಗ್ಗದ ಅಂಟು ಹಿಡಿಯುವುದೇ ಕಷ್ಟ, ಧೂಳು ಒರೆಸದೆ ಅಂಟಿಸಿದರೆ ಚೀಟಿ ಧೂಳಿಗೆ ಅಂಟುತ್ತದೆಯೇ ಹೊರತು ಚೀಲಕ್ಕಲ್ಲ. ಇಂಥ ಜಾಗಕ್ಕೆ ಸರಿಯಾದದ್ದು ರಿಬ್ಬನ್ ಪ್ರಿಂಟು: ಸಾದಾ ಕ್ರೋಮೋ ಕಾಗದದ ಚೀಟಿ, ಅದರ ಮೇಲೆ ಮೇಣದ ರಿಬ್ಬನ್, ಉಜ್ಜಾಟ ಹೆಚ್ಚಿದ್ದರೆ ಮೇಣಕ್ಕೆ ರಾಳ ಬೆರೆಸಿದ ರಿಬ್ಬನ್. ಇದು ಗೊತ್ತಿದ್ದೂ ಡಿಟಿ ರೋಲು ತರುವುದಕ್ಕೆ ಕಾರಣ ರಿಬ್ಬನ್ನಿನ ಖರ್ಚು ಉಳಿಯುತ್ತದೆಂಬ ಲೆಕ್ಕ. ಆ ಲೆಕ್ಕದಲ್ಲಿ ಲಾಟು ಹುಡುಕುತ್ತಾ ನಾಲ್ಕು ಜನ ಕಳೆದ ಮಧ್ಯಾಹ್ನ ಜಮೆ ಆಗಿರುವುದಿಲ್ಲ. ಡಿಟಿಯಲ್ಲೂ ಮೇಲೊಂದು ರಕ್ಷಣೆಯ ಪದರ ಹಾಕಿದ, ಟಾಪ್ ಕೋಟ್ ಎನ್ನುವ ತರ ಬರುತ್ತದೆ. ಅದು ನೀರು, ಜಿಡ್ಡು, ಉಜ್ಜಾಟವನ್ನು ಸ್ವಲ್ಪ ತಡೆಯುತ್ತದೆ, ಕಾವನ್ನಲ್ಲ.

ಬಾಳಬೇಕಾದ ಬರಹಕ್ಕೆ ಶಾಯಿ ಎಂಬ ಈ ವಿವೇಕ ನಮ್ಮ ಸೀಮೆಯಲ್ಲೇ ಬೇರೆ ರೂಪದಲ್ಲಿ ಮೊದಲಿನಿಂದ ಇದೆ. ವೇ ಬ್ರಿಡ್ಜಿನ ತೂಕದ ಚೀಟಿಯನ್ನು ಹಳೆಯ ಡಾಟ್ ಮ್ಯಾಟ್ರಿಕ್ಸ್ ಮಷೀನು ಕಿರಗುಟ್ಟುತ್ತಾ ಶಾಯಿ ರಿಬ್ಬನ್ನಿನಲ್ಲಿ ಹೊಡೆದು ಕೊಡುತ್ತದೆ. ವರ್ಷಗಳ ನಂತರವೂ ಅದನ್ನು ಓದಬಹುದು, ತಕರಾರಿಗೆ ಸಾಕ್ಷಿಯಾಗಿ ಮುಂದಿಡಬಹುದು. ಬೀಜದ ಚೀಲಕ್ಕೆ ಹೊಲಿದ ಟ್ಯಾಗು ನೋಡಿ: ಪ್ರಮಾಣಿತ ಬೀಜಕ್ಕೆ ನೀಲಿ, ಫೌಂಡೇಶನ್ ಬೀಜಕ್ಕೆ ಬಿಳಿ. ಪ್ರಮಾಣಿತ ಬೀಜದ ಮೊದಲ ಅವಧಿಯೇ ಪರೀಕ್ಷೆಯ ದಿನದಿಂದ 9 ತಿಂಗಳು. ರೈತ ಮುಂಗಾರಿಗೆ ಬಿಚ್ಚುವವರೆಗೆ ಆ ಅಕ್ಷರ ನಿಲ್ಲಲೇಬೇಕು, ಅದಕ್ಕೇ ಅದನ್ನು ಶಾಯಿಯಲ್ಲಿ ಅಚ್ಚು ಹಾಕಿ ಹೊಲಿಯುತ್ತಾರೆ. ಅಕ್ಕಿ ಚೀಲದ ವಿಷಯದಲ್ಲಂತೂ ಮೇಲಿನ ಬರಹವೇ ತೆರಿಗೆ ತೀರ್ಮಾನಿಸುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ತುಂಬಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂದಾಗ ಮಾರುಕಟ್ಟೆಯಲ್ಲಿ 26 ಕಿಲೋದ ಚೀಲಗಳು ಕಾಣಿಸಿಕೊಂಡವು! ಬರಹದ ಬೆಲೆ ಅಷ್ಟು ಚೆನ್ನಾಗಿ ಗೊತ್ತಿರುವ ವ್ಯಾಪಾರ, ಒಳಗಿನ ಲಾಟ್ ಚೀಟಿಗೆ ಬಂದಾಗ ಮಾತ್ರ ಕೈ ಬಿಗಿ ಹಿಡಿಯುತ್ತದೆ.

ಇನ್ನು ಮಷೀನು ನಡೆಸುವ ಬಗೆ. ಅಕ್ಷರ ತೆಳುವಾಗಿದೆ ಎಂದ ಕೂಡಲೇ ನಮ್ಮವರು ಡಾರ್ಕ್‌ನೆಸ್ ಕೊನೆಯವರೆಗೆ ಏರಿಸುತ್ತಾರೆ. ಕಣ್ಣಿಗೆ ಕಪ್ಪಗೆ ಚೆಂದ ಕಾಣುತ್ತದೆ, ಸ್ಕ್ಯಾನರಿಗೆ ಕಷ್ಟ. ಬಾರ್‌ಕೋಡಿನಲ್ಲಿ ಕಪ್ಪು ಗೆರೆಯಷ್ಟೇ ನಡುವಿನ ಬಿಳಿಯೂ ಅಕ್ಷರ. ಗೆರೆ ಉಬ್ಬಿದರೆ ಬಿಳಿ ಸಾಯುತ್ತದೆ. ಕಾವು ಏರಿಸುವ ಮೊದಲು ವೇಗ ತಗ್ಗಿಸಿ ನೋಡಬೇಕು, ಅದಕ್ಕೂ ಮೊದಲು ಹೆಡ್ಡು ಒರೆಸಬೇಕು. ಡಿಟಿಯಲ್ಲಿ ನಡುವೆ ರಿಬ್ಬನ್ ಇಲ್ಲದ್ದರಿಂದ ಹಾಳೆ ನೇರವಾಗಿ ಹೆಡ್ಡನ್ನೇ ಉಜ್ಜುತ್ತದೆ, ಮಿಲ್ಲಿನ ಧೂಳು ಅದಕ್ಕೆ ಮರಳಿನಂತೆ. ಪ್ರತಿ ರೋಲು ಬದಲಿಸುವಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೆತ್ತನೆ ಬಟ್ಟೆ ಸಾಕು. ಆದರೆ ಅಂಟಿದ ಗೋಂದನ್ನು ಬ್ಲೇಡಿನಿಂದ ಕೆರೆದದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಪ್ರತಿ ಚೀಟಿಯಲ್ಲೂ ಒಂದು ಬಿಳಿ ಗೆರೆ ಉದ್ದಕ್ಕೆ ಬರತೊಡಗಿತು. ಸಾಮಾನ್ಯ ಪ್ರಿಂಟರಿನ ಹೆಡ್ಡಿನಲ್ಲಿ ಮಿಲಿಮೀಟರಿಗೆ 8 ಚುಕ್ಕಿ. ಅದರಲ್ಲೊಂದು ಸತ್ತರೆ ಹೀಗೆ.

ಆ ಬಿಳಿ ಗೆರೆಯ ಹಾವಳಿ ಎಷ್ಟು ಎಂಬುದು ಬಾರ್‌ಕೋಡು ಹೇಗೆ ಮಲಗಿದೆ ಎಂಬುದರ ಮೇಲೆ. ಹಾಳೆ ಸಾಗುವ ದಿಕ್ಕಿಗೇ ಕಡ್ಡಿಗಳು ಉದ್ದವಾಗಿದ್ದರೆ ಸತ್ತ ಚುಕ್ಕಿ ಒಂದು ಸಣ್ಣ ಕಡ್ಡಿಯನ್ನು ತಲೆಯಿಂದ ಬುಡದವರೆಗೆ ತೆಳುವಾಗಿಸಿ ಕೋಡನ್ನೇ ಕೆಡಿಸಬಹುದು. ಕಡ್ಡಿಗಳು ಅಡ್ಡಲಾಗಿ, ಏಣಿಯ ಮೆಟ್ಟಿಲಂತೆ ಇದ್ದರೆ ಅದೇ ಚುಕ್ಕಿ ಎಲ್ಲ ಕಡ್ಡಿಗಳನ್ನೂ ಒಂದೇ ಕಡೆ ಕತ್ತರಿಸುತ್ತದೆ, ಸ್ಕ್ಯಾನರು ಅದರ ಪಕ್ಕದಲ್ಲಿ ಆರಾಮಾಗಿ ಓದಿಕೊಳ್ಳುತ್ತದೆ. ಹೆಡ್ಡು ಬದಲಿಸಲು ಮೆಕ್ಯಾನಿಕ್ಕು ಯಾವಾಗಲೋ ಬರುವ ಊರಿನಲ್ಲಿ ಏಣಿಯಂತೆ ಮಲಗಿಸಿದ ಕೋಡೇ ಲೇಸು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಡಿಸೈನ್ ಮಾಡುವವರು ಇದನ್ನು ಕೇಳಿದಂತೆ ಕಾಣೆ.

ಕೋಡು ಓದದಿದ್ದಾಗ ಪಾರ್ಸಲ್ಲನ್ನು ಕಾಪಾಡುವುದು ಕೆಳಗಿನ ಅಂಕಿ. ಸ್ಪೀಡ್ ಪೋಸ್ಟಿನ ನಂಬರಿನಲ್ಲಿ ಮೊದಲು ಎರಡು ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಐಎನ್. ಒಂಬತ್ತನೆಯ ಅಂಕಿ ಮೊದಲ ಎಂಟರ ಲೆಕ್ಕದಿಂದ ಹುಟ್ಟಿದ್ದು, ಹಾಗಾಗಿ ಕೈಯಲ್ಲಿ ಒತ್ತುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರು ಹಿಡಿಯಬಲ್ಲದು. ಪಿನ್ ಕೋಡಿಗೆ ಆ ಕಾವಲಿಲ್ಲ. ಮಸ್ಕಿ 584124, ಸಿಂಧನೂರು 584128. ಕೊನೆಯ ಅಂಕಿ ಮಸುಕಾದರೆ ಎರಡೂ ಸರಿಯಾದ ಊರುಗಳೇ, ಡಬ್ಬಿ ನಿಶ್ಚಿಂತೆಯಿಂದ ಬೇರೆ ಊರಿಗೆ ಹೋಗುತ್ತದೆ.

ನನ್ನ ದೊಡ್ಡ ತಕರಾರು ವಿಳಾಸದ್ದು. ಚೀಟಿಯ ಅರ್ಧ ಜಾಗವನ್ನು ಕಂಪನಿಯ ಚಿಹ್ನೆ, ವಾಪಸು ಕಳಿಸುವ ಗೋದಾಮಿನ ವಿಳಾಸ, ಜಿಎಸ್‌ಟಿ ನಂಬರು ನುಂಗುತ್ತವೆ. ಕೊಳ್ಳುವವರ ವಿಳಾಸ ಇರುವೆಗಾತ್ರದಲ್ಲಿ, ಅದೂ ಎರಡು ಸಾಲು ದಾಟಿದರೆ ಕತ್ತರಿ. ಸಂತೆಕಲ್ಲೂರಿನಲ್ಲಿ ಮನೆ ನಂಬರು, ಕ್ರಾಸು, ಮೇನು ಹಿಡಿದು ಯಾರೂ ಮನೆ ಹುಡುಕುವುದಿಲ್ಲ. ಘನಮಠದ ಹತ್ತಿರ, ಬಸ್ ಸ್ಟ್ಯಾಂಡಿನ ಎದುರು, ಇಂಥವರ ಹಿಟ್ಟಿನ ಗಿರಣಿ ಹಿಂದೆ: ಇದೇ ವಿಳಾಸ, ಕತ್ತರಿ ಬೀಳುವುದೂ ಇದಕ್ಕೇ. ಊರಿನ ಹೆಸರಿನ ಪಾಡು ಇನ್ನೊಂದು. ಕನ್ನಡದಲ್ಲೇ ಕಲ್ಲೂರು, ಕೆಲ್ಲೂರು ಎಂದು ಎರಡು ತರ ಬರೆಯುತ್ತಾರೆ, ಇಂಗ್ಲಿಷಿಗೆ ಹೋದಮೇಲೆ ಕೇಳುವುದೇ ಬೇಡ. ತಾಲೂಕು ಎನ್ನುವಲ್ಲಿ ಕೆಲವರದು ಮಸ್ಕಿ, ಹಳೆಯ ರೂಢಿಯವರದು ಇನ್ನೂ ಲಿಂಗಸುಗೂರು.

ಕನ್ನಡದಲ್ಲಿ ಅಚ್ಚು ಹಾಕಿದರೆ ಅರ್ಧ ಗೋಜಲು ತೀರುತ್ತದೆ, ತಲುಪಿಸುವ ಹುಡುಗನೂ ಪಡೆಯುವ ಮನೆಯವರೂ ಓದುವುದು ಕನ್ನಡವನ್ನೇ. ಆಗುವುದಿಲ್ಲ ಎನ್ನುವುದು ನೆಪ. ಅಗ್ಗದ ಪ್ರಿಂಟರಿನ ಒಳಗಿನ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ವಿಳಾಸವನ್ನು ಚಿತ್ರವಾಗಿ ಕಳಿಸಿದರೆ ಮುದ್ರಣವಾಗುತ್ತದೆ. ಗಾತ್ರದ ಎಚ್ಚರ ಮಾತ್ರ ಬೇಕು. 8 ಪಾಯಿಂಟಿನ ಅಕ್ಷರಕ್ಕೆ ಮಿಲಿಮೀಟರಿಗೆ 8 ಚುಕ್ಕಿಯ ಹೆಡ್ಡಿನಲ್ಲಿ ಎತ್ತರದ ಪಾಲಿಗೆ ಬರುವುದು ಸುಮಾರು 23 ಚುಕ್ಕಿ, ಅಷ್ಟರಲ್ಲಿ ಒತ್ತಕ್ಷರ ಬರೀ ಕಪ್ಪು ಮುದ್ದೆ. 12 ಪಾಯಿಂಟಿಗೆ ಏರಿಸಿದರೆ 34 ಚುಕ್ಕಿ ಸಿಗುತ್ತವೆ, ಕಲ್ಲೂರಿನ ಲ ಒತ್ತು ಬಿಡಿಸಿಕೊಂಡು ನಿಲ್ಲುತ್ತದೆ. ಅದಕ್ಕೆ ಜಾಗ ಎಲ್ಲಿಂದ ಎಂದರೆ ಕಂಪನಿಯ ಚಿಹ್ನೆಯನ್ನು ಹಿಂಡಿದರಾಯಿತು.

ಮಸ್ಕಿಯ ಬಂಡೆಯ ಶಾಸನ ಇಲ್ಲಿ ನೆನಪಾಗುತ್ತದೆ, ಬಾಳಿಕೆಯ ಕಾರಣಕ್ಕಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದ ಆ ಶಾಸನ ಹೆಸರಾದದ್ದು ಅದರಲ್ಲಿ ಅಶೋಕ ಎಂಬ ಹೆಸರು ಇದ್ದುದರಿಂದ. ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲಿ ದೇವಾನಂಪ್ರಿಯ ಎಂಬಂಥ ಬಿರುದುಗಳಷ್ಟೇ ಇದ್ದವು. ಬಿರುದು ದೊಡ್ಡದಾಗಿ ಬರೆದು ಹೆಸರು ಬಿಡುವ ಚಾಳಿ ಇಂದಿನ ಲೇಬಲ್ಲುಗಳದೊಂದೇ ಅಲ್ಲ ಅನ್ನಿ.

ಇನ್ನು ಚೀಟಿ ಅಂಟಿಸಿದ ಮೇಲಿನ ಎಚ್ಚರ: ಅದರ ಮೇಲೆ ಪಾರದರ್ಶಕ ಟೇಪು ಸುತ್ತುವ ಅಭ್ಯಾಸ ಬಿಡುವುದು ಒಳ್ಳೆಯದು. ಮಳೆಗೆ ಒಳ್ಳೆಯದೆಂದು ಮಾಡುತ್ತಾರೆ, ಆದರೆ ಟೇಪಿನ ಗೋಂದು ಕೆಲವು ಹಾಳೆಗಳ ಅಕ್ಷರವನ್ನು ಮಾಸಿಸುತ್ತದೆ, ಹೊಳಪು ಸ್ಕ್ಯಾನರಿನ ಕಣ್ಣು ಕುಕ್ಕುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯೂ ಬೇಡ, ಅದು ಹಾಳೆಯನ್ನು ಕಪ್ಪಾಗಿಸುತ್ತದೆ. ದಿನವಿಡೀ ರೋಲು ಮುಟ್ಟುವವರ ಬಗ್ಗೆಯೂ ಒಂದು ಮಾತು: ಇಂಥ ಹಾಳೆಯಲ್ಲಿ ಬಳಸುತ್ತಿದ್ದ ಬಿಸ್ಫಿನಾಲ್ ಎ ಎಂಬ ರಾಸಾಯನಿಕಕ್ಕೆ ಯುರೋಪಿನ ಒಕ್ಕೂಟ 2020ರ ಜನವರಿಯಿಂದ ತೂಕದ ಶೇ 0.02ರ ಮಿತಿ ಹಾಕಿದೆ. ನಮ್ಮಲ್ಲಿ ರೋಲು ಕೊಳ್ಳುವಾಗ ಆ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಈ ಸಲ ಮಾರ್ಚಿನಲ್ಲಿ ಅದೇ ಗೋದಾಮಿಗೆ ಹೋದಾಗ ಮೂರು ಚೀಟಿ ಒಯ್ದೆ: ಅಗ್ಗದ ಡಿಟಿ, ಟಾಪ್ ಕೋಟ್ ಇರುವ ಡಿಟಿ, ಮೇಣದ ರಿಬ್ಬನ್ನಿನ ಕ್ರೋಮೋ. ಒಂದೇ ಚೀಲದ ಮೇಲೆ, ತಗಡಿಗೆ ಹತ್ತಿರದ ಸಾಲಿನಲ್ಲಿ ಪಕ್ಕಪಕ್ಕ ಅಂಟಿಸಿದೆವು. ಹಿರಿಯ ಹಮಾಲರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಾವು ಕೆಳಗಿಳಿದ ಮೇಲೆ ಜೇಬಿನಿಂದ ಮಾರ್ಕರ್ ತೆಗೆದು, ಮೂರೂ ಚೀಟಿಯ ಕೆಳಗೆ 1, 2, 3 ಎಂದು ಚೀಲದ ಮೇಲೇ ಬರೆದರು. "ಯಾವ್ದು ಯಾವ್ದಂತ ಆಮ್ಯಾಲ ಹೆಂಗ್ ಗೊತ್ತಾಗ್ತೈತ್ರಿ ಮತ್ತ?"