ಹೆತ್ತ ಬೀಜವನ್ನು ಉಳಿಸದ ಹೈಬ್ರಿಡ್

ಮೊರೊಕ್ಕೊದ ಉತ್ತರ ಭಾಗದ ರಿಫ್ ಬೆಟ್ಟಗಳಲ್ಲಿ, ಕೆತಾಮಾ ಮತ್ತು ಶೆಫ್‌ಶಾವೆನ್ ಕಡೆಯ ರೈತರು ತಲೆತಲಾಂತರದಿಂದ ಬಿತ್ತಿಕೊಂಡು ಬಂದ ಗಾಂಜಾ ತಳಿಯನ್ನು ಬೆಲ್ದಿಯಾ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದವರು ಜವಾರಿ ಎನ್ನುವಂತೆ. ಚಳಿ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ, ಹೆಚ್ಚಾಗಿ ಮಳೆಯ ತೇವದಲ್ಲೇ ಬೆಳೆಯುತ್ತದೆ, ಬೇಸಿಗೆಯ ನಡುವೆ ಕೊಯ್ಲಿಗೆ ಬರುತ್ತದೆ. ಗಂಡು ಗಿಡ, ಹೆಣ್ಣು ಗಿಡ ಒಂದೇ ಹೊಲದಲ್ಲಿ ಒತ್ತಾಗಿ ನಿಂತಿರುತ್ತವೆ. ಮುಂದಿನ ವರ್ಷದ ಬೀಜ ಅಲ್ಲೇ ಸಿಗುತ್ತದೆ. 2000ದ ದಶಕದಿಂದ ಈ ಹೊಲಗಳಿಗೆ ಖರ್ದಾಲಾ, ಆಮೇಲೆ ಕ್ರಿಟಿಕಲ್ ಮುಂತಾದ ಹೈಬ್ರಿಡ್‌ಗಳು ಬಂದವು. ರಾಳ ಹೆಚ್ಚು, ಬೆಲೆ ಹೆಚ್ಚು. ಆದರೆ ಬೇಸಿಗೆಯ ಕೊನೆಯವರೆಗೂ ಹೊಲದಲ್ಲಿ ನಿಲ್ಲುವ ಈ ಗಿಡಗಳು ಬಾವಿ, ಹಳ್ಳ ಬತ್ತುವ ತಿಂಗಳಲ್ಲೇ ನೀರು ಬೇಡುತ್ತವೆ. ಕಡಿದಾದ ಆ ಬೆಟ್ಟಸೀಮೆಯಲ್ಲಿ ಮೋಟಾರು, ಪೈಪು, ಕೃತಕ ಕೆರೆ ಇದ್ದವನಿಗೆ ಲಾಭ. ಇಲ್ಲದವನು ನೆರೆಯವನ ನೀರಿನ ಕಡೆ ನೋಡುತ್ತ ಕೂರಬೇಕು. ಬೀಜವನ್ನೂ ಹೊರಗಿನಿಂದ ಕೊಳ್ಳಬೇಕು.

ಇದನ್ನು ಓದಿ ‘ಹೈಬ್ರಿಡ್ ಕೆಟ್ಟದ್ದು, ನಾಟಿ ಒಳ್ಳೆಯದು’ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಸಂಕರ ಮಾಡುವುದು ತಳಿ ಅಭಿವೃದ್ಧಿಯ ಜೀವಾಳ. ಕಳೆದ ಐವತ್ತು ವರ್ಷಗಳಲ್ಲಿ ಗಾಂಜಾ ಗಿಡದ ಮೇಲೆ ನಡೆದ ಸಂಕರದ ಕೆಲಸದಲ್ಲಿ ನಿಜವಾದ ಜಾಣ್ಮೆಯಿದೆ. ಸ್ಕಂಕ್ ನಂಬರ್ 1 ಎಂಬ ತಳಿಯನ್ನೇ ನೋಡಿ. 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಅಫ್ಘಾನಿಸ್ತಾನ, ಮೆಕ್ಸಿಕೊ, ಕೊಲಂಬಿಯಾಗಳ ನಾಟಿ ತಳಿಗಳನ್ನು ಕೂಡಿಸಿ ಇದನ್ನು ರೂಪಿಸಿದರು. ಸಮಭಾಜಕದ ಹತ್ತಿರದ ತಳಿಗಳು ಎತ್ತರಕ್ಕೆ ಬೆಳೆದು, ನಿಧಾನವಾಗಿ ಹೂ ಬಿಡುವಂಥವು. ಉತ್ತರದ ದೇಶಗಳಲ್ಲಿ ಅವು ಹಣ್ಣಾಗುವ ಮೊದಲೇ ಹಿಮ ಬೀಳುತ್ತದೆ. ಅಫ್ಘಾನಿಸ್ತಾನದ ಗಿಡ್ಡ ಗಿಡಕ್ಕೆ ಬೇಗ ಮಾಗುವ ಗುಣವಿತ್ತು. ಎರಡನ್ನೂ ಬೆಸೆದು, ಹಲವು ತಲೆಮಾರು ಆರಿಸಿ ಆರಿಸಿ, ಬೀಜದಿಂದ ಬಿತ್ತಿದರೂ ಸಾಕಷ್ಟು ಒಂದೇ ಸಮನಾಗಿ ಬರುವ ಗಿಡವನ್ನು ಪಡೆದದ್ದು ಚಿಕ್ಕ ಸಾಧನೆಯಲ್ಲ. ತಳಿಗಾರ ಡೇವಿಡ್ ವಾಟ್ಸನ್ ಆ ಬೀಜವನ್ನು 1980ರ ದಶಕದಲ್ಲಿ ನೆದರ್‌ಲೆಂಡ್ಸ್‌ಗೆ ಒಯ್ದ ಮೇಲೆ, ಅಲ್ಲಿಯ ಬೀಜ ವ್ಯಾಪಾರದ ಎಷ್ಟೋ ತಳಿಗಳಿಗೆ ಅದು ಮೂಲವಾಯಿತು.

ನನ್ನ ತಕರಾರು ಇರುವುದು ಇದಾದ ಮೇಲೆ ನಡೆದದ್ದರ ಬಗ್ಗೆ. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅದೂ ಹೈಬ್ರಿಡ್ಡೇ, ಎರಡು ಬೇರೆ ಬೇರೆ ಹತ್ತಿ ಜಾತಿಗಳ ಸಂಕರ. ಆದರೆ ಅದರ ತಂದೆ ತಳಿ, ತಾಯಿ ತಳಿ ಎರಡನ್ನೂ ಬೇರೆ ಬೇರೆಯಾಗಿ, ಶುದ್ಧವಾಗಿ ಬೆಳೆಸಬೇಕಿತ್ತು. ಬೀಜ ಬೇಕೆಂದಾಗಲೆಲ್ಲ ಮೊಗ್ಗಿನ ಕೇಸರ ತೆಗೆದು, ಕೈಯಿಂದ ಪರಾಗ ಸೋಕಿಸಬೇಕಿತ್ತು. ಹೆತ್ತವರು ಇಲ್ಲದಿದ್ದರೆ ಕೂಸೂ ಇಲ್ಲ ಎಂಬ ಶಿಸ್ತು ಆ ಕೆಲಸದ ಒಳಗೇ ಇತ್ತು. ಹತ್ತಿ ಹೈಬ್ರಿಡ್‌ಗಳಿಂದ ಕರ್ನಾಟಕದ ರೈತನಿಗಾದ ಕಷ್ಟಗಳು ಬೇರೆಯೇ ಒಂದು ಕತೆ. ಆದರೂ ಅಲ್ಲಿ ದಾಖಲೆ ಇತ್ತು, ಸಂಶೋಧನಾ ಕೇಂದ್ರವಿತ್ತು, ಕೇಳಿದರೆ ಉತ್ತರ ಹೇಳುವವರಿದ್ದರು.

ಗಾಂಜಾ ತಳಿಗಾರಿಕೆಗೆ ಇದ್ಯಾವುದೂ ದಕ್ಕಲಿಲ್ಲ. ಕಾನೂನಿನ ಭಯದಲ್ಲಿ ನೆಲಮಾಳಿಗೆಯಲ್ಲಿ, ದೀಪದ ಬೆಳಕಿನಲ್ಲಿ ನಡೆದ ಕೆಲಸ ಅದು. ದಾಖಲೆ ಬರೆದಿಟ್ಟರೆ ಅದೇ ಪೊಲೀಸರಿಗೆ ಸಾಕ್ಷಿ. ಹಾಗಾಗಿ ಇಂದು ಒಂದು ತಳಿಯ ವಂಶಾವಳಿ ಎಂದರೆ ಬಹುಪಾಲು ಬೀಜ ಮಾರುವವರ ಮಾತು. ಹೇಜ್ ಎಂಬ ಪ್ರಸಿದ್ಧ ತಳಿಯಲ್ಲಿ ಕೊಲಂಬಿಯಾ, ಮೆಕ್ಸಿಕೊ, ಥಾಯ್ಲೆಂಡ್‌ಗಳ ಜೊತೆ ದಕ್ಷಿಣ ಭಾರತದ ಗಿಡವೂ ಸೇರಿದೆ ಎನ್ನುತ್ತಾರೆ. ವೈಟ್ ವಿಡೋದಲ್ಲಿ ಕೇರಳದ್ದಿದೆ ಎನ್ನುತ್ತಾರೆ. ಯಾವ ಊರಿನ ಯಾವ ಗುಡ್ಡದ್ದು, ಯಾರು ಉಳಿಸಿಕೊಂಡು ಬಂದದ್ದು ಎಂಬುದಕ್ಕೆ ಕಾಗದವಿಲ್ಲ. ಇಡುಕ್ಕಿಯ ಬೆಟ್ಟದ ಬೆಳೆಗಾರನಿಗೆ ಅದರಿಂದ ಸಂದದ್ದೂ ಏನೂ ಇಲ್ಲ. ಮುಂದೆ ಬೆರಕೆಯನ್ನೇ ಬೆರಕೆಗೆ ಬೆರೆಸುತ್ತ ಹೋದರು. ಮೆಚ್ಚುಗೆಯಾದ ಒಂದು ಗಿಡ ಸಿಕ್ಕರೆ ಅದರ ಕಡ್ಡಿ ಕತ್ತರಿಸಿ ನೆಟ್ಟು ಸಾವಿರ ಮಾಡಿದರು. ಮೂಲ ತಳಿ ಕೈಬಿಟ್ಟುಹೋಯಿತು. ಕಡ್ಡಿಯಿಂದ ಕಡ್ಡಿಗೆ ಹರಡುವ ರೋಗಕ್ಕೆ ಇದು ರಾಜಮಾರ್ಗ: 2019ರಲ್ಲಿ ಕ್ಯಾಲಿಫೋರ್ನಿಯಾದ ಸೊರಗಿದ ಗಿಡಗಳಲ್ಲಿ ಹಾಪ್ ಲೇಟೆಂಟ್ ವೈರಾಯ್ಡ್ ಎಂಬ ರೋಗಕಾರಕ ಪತ್ತೆಯಾದಾಗ, ಒಂದೇ ತಾಯಿ ಗಿಡವನ್ನು ನೆಚ್ಚಿಕೊಂಡ ಉದ್ಯಮದ ದೌರ್ಬಲ್ಯ ಬಯಲಾಯಿತು.

ಆಯ್ಕೆಯ ಅಳತೆಗೋಲೂ ಒಂದೇ ಆಗಿಬಿಟ್ಟಿತು: ಅಮಲು ಎಷ್ಟು? ಅಮಲು ತರುವ ಟಿಎಚ್‌ಸಿಯ ರಚನೆಯನ್ನು 1964ರಲ್ಲಿ ಇಸ್ರೇಲಿನಲ್ಲಿ ಗಾವೋನಿ ಮತ್ತು ಮೆಕೂಲಂ ಬಿಡಿಸಿಟ್ಟ ಮೇಲೆ ಅದನ್ನು ಅಳೆಯುವುದು ಸಾಧ್ಯವಾಯಿತು. ಅಳೆಯಲು ಬಂದದ್ದೇ ಬೆಲೆಯೂ ಆಯಿತು. ಮಿಸಿಸಿಪಿ ವಿಶ್ವವಿದ್ಯಾಲಯದವರು ಅಮೆರಿಕದಲ್ಲಿ ಜಪ್ತಿಯಾದ ಮಾಲನ್ನು ಪರೀಕ್ಷಿಸುತ್ತ ಬಂದಿದ್ದಾರೆ. 1995ರಲ್ಲಿ ಸುಮಾರು ಶೇ 4ರಷ್ಟಿದ್ದ ಟಿಎಚ್‌ಸಿ 2014ಕ್ಕೆ ಶೇ 12ರಷ್ಟಾಗಿತ್ತು. ಅದೇ ಅವಧಿಯಲ್ಲಿ, ಅಮಲು ತರದ ಸಿಬಿಡಿಗೆ ಹೋಲಿಸಿದರೆ ಟಿಎಚ್‌ಸಿ 14 ಪಟ್ಟು ಇದ್ದದ್ದು 80 ಪಟ್ಟಿನಷ್ಟಾಯಿತು. ಯುರೋಪಿನ ಚರಸ್‌ನಲ್ಲೂ 2006ರಲ್ಲಿ ಸರಾಸರಿ ಶೇ 8ರಷ್ಟಿದ್ದದ್ದು 2016ಕ್ಕೆ ಶೇ 17 ದಾಟಿತು. ರಿಫ್ ಬೆಟ್ಟದ ಹೈಬ್ರಿಡ್‌ಗಳ ನೆರಳು ಆ ಅಂಕಿಯ ಮೇಲಿದೆ. ಇದು ಬರೀ ಸಸ್ಯದ ಮಾತಲ್ಲ. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಬಹುದೇಶೀಯ ಅಧ್ಯಯನದಲ್ಲಿ, ಹೆಚ್ಚು ತೀಕ್ಷ್ಣವಾದ ಗಾಂಜಾವನ್ನು ದಿನವೂ ಸೇದುವವರಲ್ಲಿ ಸೈಕೋಸಿಸ್‌ನ ಸಂಭವ ಎಂದೂ ಸೇದದವರಿಗಿಂತ ಐದು ಪಟ್ಟಿನ ಹತ್ತಿರ ಕಂಡಿತು. ತಳಿ ಮಾಡಿದವರು ಈ ಹೊಣೆಯಿಂದ ಪೂರ್ತಿ ಜಾರಿಕೊಳ್ಳಲಾರರು.

ಇನ್ನು ಅಂಗಡಿಯ ಪೊಟ್ಟಣದ ಮೇಲೆ ಕಾಣುವ ‘ಇಂಡಿಕಾ’, ‘ಸಟೈವಾ’ ಎಂಬ ವಿಂಗಡಣೆ. ಸಸ್ಯವಿಜ್ಞಾನಿ ಲಮಾರ್ಕ್ 1785ರಲ್ಲಿ ಭಾರತದ ಮಾದರಿಗಳನ್ನು ನೋಡಿ ಇಂಡಿಕಾವನ್ನು ಹೆಸರಿಸಿದ. ಇಂದಿನ ಬೆರಕೆಗಳ ಮೇಲೆ ಆ ಹಣೆಪಟ್ಟಿಗೆ ಹೆಚ್ಚು ಅರ್ಥ ಉಳಿದಿಲ್ಲ. 2015ರಲ್ಲಿ ಕೆನಡಾದ ಸಂಶೋಧಕರು ಗಿಡಗಳ ಡಿಎನ್‌ಎ ಹೋಲಿಸಿ ನೋಡಿದಾಗ, ಹೇಳಿಕೊಂಡ ವಂಶಕ್ಕೂ ಒಳಗಿನ ವಂಶಕ್ಕೂ ನಂಟು ಸಡಿಲವಾಗಿತ್ತು.

ನಾಟಿ ತಳಿಯ ಬಗ್ಗೆ ಮಾತಾಡುವಾಗ, ಅದು ತಾನಾಗಿ ಬೆಳೆದ ಕಾಡುಗಿಡ, ಬೆಳೆಸಿದವನಿಗೆ ವಿದ್ಯೆಯಿರಲಿಲ್ಲ ಎಂಬ ಧಾಟಿ ಹೈಬ್ರಿಡ್ ಪಕ್ಷದವರಲ್ಲಿ ಕೇಳಿಬರುತ್ತದೆ. ಅದನ್ನು ಒಪ್ಪಲು ಬರುವುದಿಲ್ಲ. 1893–94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ವರದಿಯಲ್ಲಿ ಬಂಗಾಳದ ನೌಗಾಂವ್ ಸೀಮೆಯ ಬೇಸಾಯದ ವಿವರವಿದೆ. ಅಲ್ಲಿ ಪೊದ್ದಾರ್ ಎಂಬ ನುರಿತವನು ಹೊಲದ ಸಾಲುಗಳಲ್ಲಿ ನಡೆದು, ಹೂ ಅರಳುವ ಮೊದಲೇ ಗಂಡು ಗಿಡಗಳನ್ನು ಗುರುತಿಸಿ ತೆಗೆಸುತ್ತಿದ್ದ. ಬೀಜ ಕಟ್ಟದ ಹೆಣ್ಣು ಹೂವಿಗೆ ರಾಳ ಹೆಚ್ಚು. ಕ್ಯಾಲಿಫೋರ್ನಿಯಾ 1970ರ ದಶಕದಲ್ಲಿ ಹೊಸದೆಂದು ಸಂಭ್ರಮಿಸಿದ ಬೀಜರಹಿತ ಬೆಳೆಯ ಪದ್ಧತಿ ಬಂಗಾಳದ ಒಕ್ಕಲಿಗನಿಗೆ ಹಳೆಯ ದುಡಿಮೆ.

ನಾಟಿ ಹೊಲದ ಇನ್ನೊಂದು ಸಂಪತ್ತು ಅದರ ಏರುಪೇರು. ಒಂದೇ ಹೊಲದಲ್ಲಿ ಟಿಎಚ್‌ಸಿ ಹೆಚ್ಚಿರುವ ಗಿಡ, ಸಿಬಿಡಿ ಹೆಚ್ಚಿರುವ ಗಿಡ, ಎರಡೂ ಇರುವ ಗಿಡ ಒಟ್ಟಿಗಿರುತ್ತವೆ. ಮಾರುಕಟ್ಟೆಗೆ ಅದು ಕುಂದು. ತಳಿ ವಿಜ್ಞಾನಿಗೆ ಅದೇ ಬಂಡವಾಳ. ಬ್ರಿಟನ್ನಿನ ಜಿಡಬ್ಲ್ಯು ಫಾರ್ಮಾಸ್ಯುಟಿಕಲ್ಸ್ 1998ರಲ್ಲಿ ಕೆಲಸ ಶುರುಮಾಡಿದಾಗ ವಾಟ್ಸನ್ ಮತ್ತು ರಾಬರ್ಟ್ ಕ್ಲಾರ್ಕ್ ಅವರ ಹೊರ್ಟಾಫಾರ್ಮ್ ಸಂಸ್ಥೆ ಕೂಡಿಟ್ಟಿದ್ದ ತಳಿ ಸಂಗ್ರಹವನ್ನು ಪಡೆಯಿತು. ಮಕ್ಕಳ ತೀವ್ರ ಅಪಸ್ಮಾರಕ್ಕೆ ಕೊಡುವ ಅದರ ಸಿಬಿಡಿ ಔಷಧ ಎಪಿಡಿಯೊಲೆಕ್ಸ್‌ಗೆ 2018ರ ಜೂನ್‌ನಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಮತ್ತಿನ ಅಳತೆಯಲ್ಲಿ ನಪಾಸಾದ ಗುಣವೇ ಮದ್ದಾಯಿತು. ಈ ಗಿಡದ ಹೈಬ್ರಿಡ್ ವಿದ್ಯೆ ಮಾಡಿದ ಅತ್ಯುತ್ತಮ ಕೆಲಸ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ, ಮತ್ತು ಅದು ಸಾಧ್ಯವಾದದ್ದು ಯಾರೋ ಹಳೆಯ ವೈವಿಧ್ಯವನ್ನು ಕೂಡಿಟ್ಟಿದ್ದರಿಂದ.

ಕೂಡಿಡುವುದೂ ಸಲೀಸಲ್ಲ. ಗಾಂಜಾದ ಪರಾಗ ಗಾಳಿಯಲ್ಲಿ ಹೋಗುತ್ತದೆ. ಸ್ಪೇನಿನ ಮಾಲಗಾದಲ್ಲಿ ಗಾಳಿಯ ಪರಾಗ ಎಣಿಸುವವರಿಗೆ, ಸಮುದ್ರ ದಾಟಿ ಉತ್ತರ ಆಫ್ರಿಕದಿಂದ ಬಂದ ಗಾಂಜಾ ಪರಾಗ ಸಿಕ್ಕಿದೆ. ಹೀಗಿರುವಾಗ ಒಂದೇ ಕಣಿವೆಯ ಎರಡು ಹೊಲಗಳ ನಡುವೆ ಬೇಲಿ ಹಾಕಿ ತಳಿ ಕಾಯುತ್ತೇವೆ ಎನ್ನುವುದು ಆಗದ ಮಾತು. ಹಿಮಾಲಯದ ಮಲಾನಾ ಮತ್ತು ಪಾರ್ವತಿ ಕಣಿವೆಗಳಿಗೆ ವಿದೇಶಿ ಹೈಬ್ರಿಡ್ ಬೀಜ ಹೋಗಿರುವುದು ನನ್ನನ್ನು ಕಾಡುವುದು ಇದೇ ಕಾರಣಕ್ಕೆ. ಮೊರೊಕ್ಕೊ 2021ರ ಕಾನೂನಿನಿಂದ ಔಷಧ ಮತ್ತು ಕೈಗಾರಿಕೆಯ ಬೇಸಾಯಕ್ಕೆ ದಾರಿ ತೆರೆದು, ಆಮೇಲೆ ಬೆಲ್ದಿಯಾವನ್ನೂ ಅದರೊಳಗೆ ಸೇರಿಸಿಕೊಂಡಿತು. ತಡವಾದರೂ ಸರಿಯಾದ ಹೆಜ್ಜೆ.

ನಮ್ಮಲ್ಲಿ ಉತ್ತರಾಖಂಡ ಕೈಗಾರಿಕಾ ಬೇಸಾಯಕ್ಕೆ ಪರವಾನಗಿ ಕೊಡತೊಡಗಿದ್ದು 2018ರಲ್ಲಿ. ಷರತ್ತು, ಟಿಎಚ್‌ಸಿ ಶೇ 0.3 ಮೀರಬಾರದು. ಆ ಅಂಕಿ ಬಂದದ್ದು ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ 1976ರಲ್ಲಿ ಬರೆದ ಸಸ್ಯ ವರ್ಗೀಕರಣದ ಲೇಖನದಿಂದ. ಗಿಡಗಳನ್ನು ಎರಡು ಗುಂಪು ಮಾಡಲು ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದರು. ಇಂದು ಅದು ಹಲವು ದೇಶಗಳ ಕಾನೂನು. ನಾರಿಗೂ ಚಟ್ನಿಯ ಬೀಜಕ್ಕೂ ಕುಮಾವೂಂ, ಗಢವಾಲದ ಮಂದಿ ಬೆಳೆಸಿಕೊಂಡು ಬಂದ ಭಾಂಗ್ ಗಿಡ ಈ ಗೆರೆ ದಾಟುವುದು ಸಾಮಾನ್ಯ. ಪರವಾನಗಿ ಬೇಕಾದ ರೈತ ಹೊರಗಿನ ಬೀಜ ಹುಡುಕಬೇಕು. ಅವನ ಅಜ್ಜಿ ಮಡಕೆಯಲ್ಲಿಟ್ಟ ಬೀಜ ಕಾನೂನಿನ ಹೊರಗೆ. ಪರವಾನಗಿಯ ಶುಲ್ಕದಲ್ಲಿ ಒಂದು ಪಾಲನ್ನು ಆ ಬೀಜಗಳ ಸಂಗ್ರಹಕ್ಕೆ ಎತ್ತಿಡಬೇಕು, ಯಾವ ಹಳ್ಳಿಯ ಯಾರ ಮನೆಯಿಂದ ಬಂತೆಂದು ಬರೆದಿಡಬೇಕು, ಮತ್ತು ಈ ಕೆಲಸ ಹೊಸ ಬೀಜ ಬಿತ್ತುವ ಮೊದಲೇ ಆಗಬೇಕು. ಒಮ್ಮೆ ಪರಾಗ ಬೆರೆತ ಮೇಲೆ ಯಾವ ಪ್ರಯೋಗಾಲಯವೂ ಅದನ್ನು ಬೇರ್ಪಡಿಸಿ ಕೊಡಲಾರದು.